ಅಲ್ಪವಿರಾಮ ಮತ್ತು ರಾಜದ್ರೋಹ

ಇಂಗ್ಲೆಂಡಿನ ಶಾಸನವಾಕ್ಯಗಳಲ್ಲಿ ವಿಶೇಷಕ ಉಪವಾಕ್ಯಗಳು ಒಂದರ ಬೆನ್ನಿಗೊಂದು ಬಂದಾಗ, ಕೊನೆಯ ಮಾತು ಯಾವುದಕ್ಕೆ ಅನ್ವಯಿಸುವುದೆಂಬ ಪ್ರಶ್ನೆ ಕೇವಲ ವೈಯಾಕರಣರದಲ್ಲ. 1916ರಲ್ಲಿ ಐರಿಷ್ ರಾಷ್ಟ್ರವಾದಿ ರೋಜರ್ ಕೇಸ್‌ಮೆಂಟನ ಪ್ರಾಣವೇ ಇದನ್ನು ಅವಲಂಬಿಸಿತ್ತು. ಆತನು ಜರ್ಮನಿಯಲ್ಲಿದ್ದ ಐರಿಷ್ ಯುದ್ಧಕೈದಿಗಳನ್ನು ಬ್ರಿಟನ್ನಿನ ವಿರುದ್ಧ ಸಂಘಟಿಸಲೆತ್ನಿಸಿದ್ದನು. ರಾಜ್ಯದೊಳಗೆ ಅರಸನ ಶತ್ರುಗಳ ಪಕ್ಷ ಹಿಡಿದು, ಅವರಿಗೆ ರಾಜ್ಯದಲ್ಲಾಗಲಿ ಅನ್ಯತ್ರವಾಗಲಿ ನೆರವೀಯುವವನು ದ್ರೋಹಿಯೆಂದು 1351ರ ಶಾಸನವು ವಿಧಿಸುತ್ತದೆ. ‘ಅನ್ಯತ್ರ’ವೆಂಬುದು ಪಕ್ಷ ಹಿಡಿದ ಸ್ಥಳವನ್ನು ಸೂಚಿಸದು, ಆದುದರಿಂದ ಹೊರದೇಶದಲ್ಲಿ ನಡೆದುದು ದ್ರೋಹವಲ್ಲವೆಂದು ವಕೀಲ ಸಲಿವನ್ನನು ವಾದಿಸಿದನು. ನ್ಯಾಯಮೂರ್ತಿಗಳಿಬ್ಬರು ನಾರ್ಮನ್ ಫ್ರೆಂಚಿನ ಮೂಲ ದಾಖಲೆಯನ್ನೇ ಹೋಗಿ ಪರಿಶೀಲಿಸಿದರು. ಅಲ್ಪವಿರಾಮವೊಂದು ಆತನನ್ನು ಗಲ್ಲಿಗೇರಿಸಿತೆಂಬ ಪ್ರತೀತಿ ಅರ್ಧಸತ್ಯವೆಂದೇ ನಮ್ಮ ಮತ. ಕೋಕ್, ಹೇಲ್ ಮೊದಲಾದ ಪ್ರಾಚೀನ ಭಾಷ್ಯಕಾರರ ಅರ್ಥವನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಆಗಸ್ಟ್ 3ರಂದು ಪೆಂಟನ್‌ವಿಲ್ ಸೆರೆಮನೆಯಲ್ಲಿ ಶಿಕ್ಷೆ ಜಾರಿಯಾಯಿತು.