ಗಂಜಿಯ ನಂತರದ ಪ್ರಶ್ನೆ: ಬರ, ಪ್ಲೇಗು ಮತ್ತು ಕ್ರೈಸ್ತ ಮಿಷನ್‌ಗಳ ಪುನರ್ವಸತಿ ಕಾರ್ಯ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ದಾಸೋಹ ಕಂಡವರಿಗೆ ಹಸಿದವರಿಗೆ ಅನ್ನವಿಕ್ಕುವುದು ಹೊಸ ಸಂಗತಿಯಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವರು ಲಿಂಗೈಕ್ಯರಾದದ್ದು 1822ರಲ್ಲಿ. 1791–92ರಲ್ಲಿ ದಖ್ಖನ್ನನ್ನು ಸುಟ್ಟ ಬರ ಅವರ ಕಣ್ಣೆದುರಿನದು. ಹಾಗಾಗಿ ಕ್ರೈಸ್ತ ಮಿಷನ್‌ಗಳ ಪರಿಹಾರ ಕಾರ್ಯವನ್ನು ಕರುಣೆಯೇ ಅರಿಯದ ನಾಡಿಗೆ ಹೊರಗಿನಿಂದ ಬಂದ ಕರುಣೆಯೆಂದು ಬಣ್ಣಿಸುವ ಬರಹಗಳನ್ನು ಒಪ್ಪುವುದು ಕಷ್ಟ. ಅದನ್ನು ಮತಾಂತರದ ಹೂಟವೆಂದಷ್ಟೇ ತಳ್ಳಿಹಾಕುವವರೂ ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ. ಗಂಜಿ ಕೇಂದ್ರ ಮುಚ್ಚಿದ ಮೇಲೆ ಬಡವರ ಕೈಯಲ್ಲಿ ಏನು ಉಳಿಯಿತು ಎಂಬುದು ಈ ಲೇಖನದ ಪ್ರಶ್ನೆ.

1876–78ರ ಬರವನ್ನು ಹಳೆಯ ಮೈಸೂರಿನವರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಾರೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರ ಗಣತಿಗೆ 41,86,188ಕ್ಕೆ ಕುಸಿಯಿತು. ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಮದರಾಸು ಪ್ರಾಂತದಲ್ಲಿ ಬರಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಹಗಲಿಡೀ ಜಲ್ಲಿ ಒಡೆದವನಿಗೆ ಅದೇ ಊಟ. ಉಪ್ಪು, ಮೆಣಸಿನಕಾಯಿಗೆ ಒಂದಿಷ್ಟು ಚಿಲ್ಲರೆ. ಹಳ್ಳಿ ಬಿಟ್ಟವರು ಪಟ್ಟಣ ಸೇರಿದರು, ಮಕ್ಕಳು ಬೀದಿಪಾಲಾದರು. ವೆಸ್ಲಿಯನ್ ಮಿಷನ್ ಹುಡುಗರಿಗೆ ತುಮಕೂರಿನಲ್ಲಿ, ಹುಡುಗಿಯರಿಗೆ ಹಾಸನದಲ್ಲಿ ಅನಾಥಾಲಯ ತೆರೆಯಿತು. ಕ್ಯಾಥೊಲಿಕರು ಬೆಂಗಳೂರಿನ ಹೊರವಲಯದ ಸಿಲುವೇಪುರದಲ್ಲಿ ಬರದ ಅನಾಥರನ್ನು ನೆಲೆಗೊಳಿಸಿದರು. ಬರ ಮುಗಿದರೂ ಈ ಮಕ್ಕಳು ಮರಳಲು ಮನೆಗಳಿರಲಿಲ್ಲ. ತಾತ್ಕಾಲಿಕ ಪರಿಹಾರ ದೀರ್ಘಕಾಲದ ಹೊಣೆಯಾಗಿ ಬದಲಾದದ್ದು ಇಲ್ಲಿಂದಲೇ.

ನಗರದ ಬಡವರ ಮಟ್ಟಿಗೆ ಹೆಚ್ಚು ಕಲಿಸುವ ನಿದರ್ಶನ ಮಂಗಳೂರಿನ ಕಂಕನಾಡಿಯದು. 1878ರ ಕೊನೆಗೆ ಬಂದ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಕನ್ನಡ ನಾಡಿನ ಊರೂರು ಸುತ್ತಿ ಮಂಗಳೂರನ್ನೂ ಮುಟ್ಟಿದಾಗ, 1902ರಲ್ಲಿ ಅದಕ್ಕೆಂದೇ ಪ್ರತ್ಯೇಕ ಆಸ್ಪತ್ರೆ ಎದ್ದಿತು. ಆ ಕಾಲದಲ್ಲಿ ಇಲಿ ಸತ್ತು ಬಿತ್ತೆಂದರೆ ಮನೆ ತೆರವು ಮಾಡಬೇಕಿತ್ತು. ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆಸುತ್ತಿದ್ದರು, ಹಾಸಿಗೆ ಬಟ್ಟೆ ಸುಡುತ್ತಿದ್ದರು, ಜನ ಊರಾಚೆ ಶೆಡ್ಡುಗಳಲ್ಲಿ ದಿನ ನೂಕುತ್ತಿದ್ದರು. ಉಳ್ಳವರಿಗೆ ತೋಟದ ಮನೆ ಇತ್ತು. ಕೂಲಿಯವನಿಗೆ ಹೋದ ಕಂಬಳಿಯೂ ತಪ್ಪಿದ ದುಡಿಮೆಯೂ ರೋಗದ ಮೇಲಿನ ಇನ್ನೊಂದು ಪೆಟ್ಟು.

ಮುಲ್ಲರ್ ಅವರ ನಿಜವಾದ ಸಾಧನೆ ನನಗೆ ಕಾಣುವುದು ಅವರ ಹಣಕಾಸಿನ ಏರ್ಪಾಡಿನಲ್ಲಿ. ಕಂಕನಾಡಿಯಲ್ಲಿ ತಯಾರಾದ ಔಷಧಿಗಳು ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಮಾರಾಟವಾಗುತ್ತಿದ್ದವು. ಆ ಗಳಿಕೆ ಬಡರೋಗಿಯ ಪುಕ್ಕಟೆ ಚಿಕಿತ್ಸೆಗೂ ಆಶ್ರಯದ ಊಟಕ್ಕೂ ಹೋಗುತ್ತಿತ್ತು. ಯುರೋಪಿನ ದಾನಿಯ ಮನಸ್ಸು ಬದಲಾದರೆ ಮುಚ್ಚುವ ಸಂಸ್ಥೆ ಅದಾಗಲಿಲ್ಲ. 1910ರಲ್ಲಿ ಮುಲ್ಲರ್ ತೀರಿಕೊಂಡ ಮೇಲೂ ಅದು ಬೆಳೆಯಿತು. ಇಂದು ಅವರ ಹೆಸರಿನ ವೈದ್ಯಕೀಯ ಕಾಲೇಜು ಅಲ್ಲಿದೆ.

ಅದೇ ಊರಿನ ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಇನ್ನೊಂದು ಬಗೆಯದು. ಮತ ಬದಲಿಸಿದ್ದಕ್ಕೆ ಮನೆಮಾರು, ಕಸುಬು ಕಳೆದುಕೊಂಡವರಿಗೆ ನೇತ್ರಾವತಿಯ ಜೇಡಿಮಣ್ಣು ಅನ್ನ ಕೊಟ್ಟಿತು. ಕೆಲಸ ಕಲಿತ ಕೈಗೆ ಗೌರವವೂ ಬಂತು. ಆದರೆ ಇಗರ್ಜಿ, ಶಾಲೆ, ಸಂಬಳ ಮೂರೂ ಒಂದೇ ಕೈಯಲ್ಲಿದ್ದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬಂಧಿಸಿ, ಸರ್ಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಆ ಸಮುದಾಯದ ಬದುಕೇ ಅಲುಗಾಡಿತು. ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಕಸುಬು ಕಾರ್ಮಿಕರದಾಗಿತ್ತು, ಒಡೆತನ ಆಗಿರಲಿಲ್ಲ. ಪುನರ್ವಸತಿಯ ಯೋಜನೆಗಳು ಇಂದಿಗೂ ಎಡವುವುದು ಇದೇ ಕಲ್ಲಿಗೆ.

ದಾಸೋಹದ ಪರಂಪರೆಯೂ ಅನ್ನದಲ್ಲೇ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಶರಣಬಸವೇಶ್ವರ ಸಂಸ್ಥಾನ ಅದರ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಯತ್ತ ಹೊರಳಿತು. ಆ ದಾರಿ ಈಗ ವಿಶ್ವವಿದ್ಯಾಲಯದವರೆಗೆ ಬಂದಿದೆ. ಮಠವೂ ಮಿಷನ್ನೂ ಬೇರೆ ಬೇರೆ ನಂಬಿಕೆಯಿಂದ ಹೊರಟು ಒಂದೇ ಅಗತ್ಯವನ್ನು ಎದುರುಗೊಂಡಿವೆ. ಆದರೂ ನಮ್ಮ ಸಂಶೋಧನೆ ಇವನ್ನು ಒಟ್ಟಿಗಿಟ್ಟು ಓದಿದ್ದು ಕಡಿಮೆ.

ಅಂಥ ಓದಿಗೆ ಬೇಕಾದ ದಾಖಲೆಗಳು ನಮ್ಮ ಸುತ್ತಲೇ ಇವೆ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿನವರೆಗಿನ ಸೀಮೆಯಲ್ಲಿ ಮೆಥಡಿಸ್ಟ್ ಸಭೆಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಆ ಸಭೆಗಳಲ್ಲಿ ಉಳಿದಿರುವ ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರುಗಳನ್ನೂ ಮಠಗಳ ದಾಸೋಹದ ಲೆಕ್ಕಪತ್ರಗಳನ್ನೂ ಗೆದ್ದಲು ಮುಟ್ಟುವ ಮೊದಲು ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿಡಬೇಕು. ಈ ಕೆಲಸವನ್ನು ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಕನ್ನಡ ವಿಭಾಗಗಳು ಕೂಡಿ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.