ಅಕಾಲ ಹಿಮಪಾತ

ಚಳಿಗಾಲ ಕಾಲಿಡುವ ಮೊದಲೇ ಅಥವಾ ವಸಂತ ಬಂದ ಮೇಲೆ ಬೀಳುವ ಭಾರಿ ಹಿಮ. ನೆಲದ ಬಳಿಯ ಗಾಳಿ 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದರಿಂದ ಹಿಮದ ಎಸಳುಗಳು ಅರೆಕರಗಿ, ಒಂದಕ್ಕೊಂದು ಅಂಟಿಕೊಂಡು ಬೀಳುತ್ತವೆ. ಈ ಒದ್ದೆ ಹಿಮ ಕಡುಚಳಿಯ ಪುಡಿಹಿಮಕ್ಕಿಂತ ಬಹಳ ಭಾರ. ಕಾಶ್ಮೀರಕ್ಕೆ ಇದನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಪಶ್ಚಿಮದ ವಾಯುಕ್ಷೋಭೆ. 2018 ಮತ್ತು 2019ರಲ್ಲಿ ನವೆಂಬರ್ ಮೊದಲ ವಾರವೇ ಹಿಮ ಸುರಿದಾಗ ಸೇಬಿನ ಮರಗಳಲ್ಲಿ ಎಲೆ ಇನ್ನೂ ಉದುರಿರಲಿಲ್ಲ. ಎಲೆಯ ಮೇಲೆಲ್ಲ ಹಿಮ ಕೂತು ಕೊಂಬೆಗಳು ಸೀಳಿದವು, ಎಷ್ಟೋ ಮರಗಳು ಕಾಂಡದಲ್ಲೇ ಇಬ್ಭಾಗವಾದವು. ಹಾನಿಗೆ ಹಿಮದ ಎತ್ತರಕ್ಕಿಂತ ಎಲೆಗಳೇ ಹೆಚ್ಚು ಕಾರಣವೆನ್ನಬೇಕು. ಈಶಾನ್ಯ ಅಮೆರಿಕದಲ್ಲಿ 2011ರ ಅಕ್ಟೋಬರ್ ಕೊನೆಗೂ ಇದೇ ಕಥೆ: ಮರಗಳು ತಂತಿಗಳ ಮೇಲೆ ಉರುಳಿ, 30 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ತಡವಾಗಿ ಬೀಳುವ ಹಿಮ ಬೆಚ್ಚಗಿನ ನೆಲದಲ್ಲಿ ಬೇಗ ಕರಗುತ್ತದೆ, ಹೂಬಿಟ್ಟ ತೋಟಗಳನ್ನು ಮಾತ್ರ ಬಿಡುವುದಿಲ್ಲ.