ಮೈಲಾರ್ (ಕಾಮಿಕ್ಸ್ ತಂತ್ರಾಂಶ)

ಕಾಮಿಕ್ಸ್ ಸಂಚಿಕೆಗಳನ್ನು ಹುಡುಕಿ, ಇಳಿಸಿಕೊಂಡು, ಹೆಸರು ತಿದ್ದಿ, ಮಾಲಿಕೆವಾರು ಜೋಡಿಸಿಡುವ ಮುಕ್ತ ತಂತ್ರಾಂಶ. ಪೈಥಾನ್ ಭಾಷೆಯಲ್ಲಿ ಬರೆದದ್ದು. ಇದನ್ನು ಬಳಸುವವರು ತಮ್ಮದೇ ಮನೆಯ ಸರ್ವರ್‌ನಲ್ಲಿ, ಸಾಮಾನ್ಯವಾಗಿ ಡಾಕರ್ ಕಂಟೇನರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಒಟ್ಟಿಗೆ ಕಟ್ಟಿ ಪ್ರತ್ಯೇಕವಾಗಿ ನಡೆಸುವ ಪೊಟ್ಟಣ) ಒಳಗೆ, ನಡೆಸಿ ಬ್ರೌಸರ್‌ನಿಂದ ನಿಭಾಯಿಸುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೂ ಇದಕ್ಕೂ ನಂಟಿಲ್ಲ. ಹಳೆಯ ಸಂಚಿಕೆಗಳಿಗೆ ಗಾಳಿ, ತೇವ ತಾಕದಂತೆ ಸಂಗ್ರಾಹಕರು ಬಳಸುವ ಪಾಲಿಯೆಸ್ಟರ್ ಹಾಳೆಯ ಚೀಲಕ್ಕೂ ಮೈಲಾರ್ ಎಂದೇ ಹೆಸರು.

ಇದು ನಿಭಾಯಿಸುವ ಕಡತಗಳ ಹುಟ್ಟು ಬಹಳ ಸರಳ. ಸ್ಕ್ಯಾನ್ ಮಾಡಿದ ಪುಟಗಳನ್ನು ಒಂದೇ ಗಂಟು ಕಟ್ಟಿ, ಜಿಪ್ ಆದರೆ ಸಿಬಿಝಡ್, ರಾರ್ ಆದರೆ ಸಿಬಿಆರ್ ಎಂದು ಕಡತದ ಹೆಸರಿನ ಬಾಲ ಬದಲಿಸಿದರೆ ಮುಗಿಯಿತು. ಡೇವಿಡ್ ಐಟನ್ ಬರೆದ ಸಿಡಿಸ್‌ಪ್ಲೇ ಎಂಬ ಓದುಗ ತಂತ್ರಾಂಶ ಈ ರೂಢಿಯನ್ನು ಹಬ್ಬಿಸಿತು. ಗಂಟಿನೊಳಗೆ ಪುಟಗಳು ಕ್ರಮವಾಗಿ ಇರುತ್ತವೆ. ಆದರೆ ಇದು ಯಾವ ಮಾಲಿಕೆಯ ಎಷ್ಟನೆಯ ಸಂಚಿಕೆ ಎಂದು ಹೇಳುವುದಕ್ಕೆ ಕಡತದ ಹೆಸರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮುಂದೆ ಕಾಮಿಕ್‌ರ‍್ಯಾಕ್ ತಂತ್ರಾಂಶ ಒಳಗೊಂದು ಸಣ್ಣ ಮಾಹಿತಿ ಕಡತ ಸೇರಿಸುವ ಪದ್ಧತಿ ತಂದಿತು. ಅದೇ ಇಂದಿಗೂ ನಡೆದುಬಂದಿದೆ.

ಮೈಲಾರ್‌ಗೆ ನಿಜವಾದ ತಲೆನೋವು ಇಳಿಸಿಕೊಳ್ಳುವುದಲ್ಲ, ಗುರುತು ಹಿಡಿಯುವುದು. ಇದಕ್ಕೆ ಕಾರಣ ಅಮೆರಿಕದ ಪ್ರಕಾಶಕರೇ. ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ ಮೊದಲ ಸಂಚಿಕೆ 1963ರಲ್ಲಿ ಬಂತು. ಮತ್ತೆ 1999, 2014, 2015, 2018, 2022ರಲ್ಲೂ ‘ಮೊದಲ ಸಂಚಿಕೆ’ ಬಂತು. ಒಂದನೆಯ ನಂಬರು ಕಂಡರೆ ಅಂಗಡಿಯಲ್ಲಿ ಮಾರಾಟ ಜೋರು, ಅಷ್ಟೇ. ‘ಆ್ಯಕ್ಷನ್ ಕಾಮಿಕ್ಸ್’ 2011ರಲ್ಲಿ ಒಂದರಿಂದ ಶುರುಮಾಡಿ, 2016ರಲ್ಲಿ ಹಳೆಯ ಲೆಕ್ಕಕ್ಕೆ ಮರಳಿ 957 ಎಂದು ಅಚ್ಚಾಯಿತು. 1997ರ ಜುಲೈ ತಿಂಗಳಲ್ಲಿ ಮಾರ್ವೆಲ್ ತನ್ನ ಅನೇಕ ಮಾಲಿಕೆಗಳಿಗೆ ಮೈನಸ್ ಒಂದು ಎಂಬ ಸಂಖ್ಯೆ ಕೊಟ್ಟಿತು; ಮರುವರ್ಷ ಡಿಸಿ ಸಂಸ್ಥೆ ಹತ್ತು ಲಕ್ಷದ ನಂಬರು ಹಾಕಿತು. ಅರ್ಧ ಸಂಖ್ಯೆಯ ಸಂಚಿಕೆಗಳೂ, ಅಂಕಿಯ ಮುಂದೆ ಅಕ್ಷರ ಅಂಟಿಸಿಕೊಂಡವೂ ಇವೆ. ಓದುಗ ನಕ್ಕು ಬಿಡಬಹುದು, ಪ್ರೋಗ್ರಾಂ ಬಿಡುವಂತಿಲ್ಲ.

ಆದ್ದರಿಂದಲೇ ಮೈಲಾರ್ ಮಾಲಿಕೆಯ ಹೆಸರಿನೊಂದಿಗೆ ಅದು ಆರಂಭವಾದ ವರ್ಷವನ್ನೂ ಹಿಡಿದು ಹೊಂದಿಸುತ್ತದೆ. ಮಾಹಿತಿ ತರುವುದು 2006ರಲ್ಲಿ ಆರಂಭವಾದ ಕಾಮಿಕ್ ವೈನ್ ಕೋಶದಿಂದ. ಅಲ್ಲಿ ಪ್ರತಿ ಮಾಲಿಕೆಗೂ ಪ್ರತ್ಯೇಕ ಗುರುತು ಸಂಖ್ಯೆ ಇದೆ. ಆ ಕೋಶವನ್ನು ಬಳಸಲು ಬಳಕೆದಾರರು ತಮ್ಮದೇ ಎಪಿಐ ಕೀಲಿ ಪಡೆಯಬೇಕು, ಗಂಟೆಗೆ ಒಂದು ಬಗೆಯ ಮಾಹಿತಿಗೆ 200 ಕೋರಿಕೆ ಮಾತ್ರ. ಸಾವಿರಾರು ಹಳೆಯ ಕಡತಗಳನ್ನು ಒಮ್ಮೆಲೇ ಸುರಿದವರು ಕಾಯಲೇಬೇಕು. ವಾರವಾರ ಹೊರಬರುವ ಸಂಚಿಕೆಗಳ ಪಟ್ಟಿಯನ್ನೂ ಇದು ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಬರುವ ದಿನ ಬುಧವಾರ.

ತಂತ್ರಾಂಶದ ವಂಶ ಹೀಗೆ: ಟಿವಿ ಧಾರಾವಾಹಿಗಳಿಗೆ ಸಿಕ್‌ಬಿಯರ್ಡ್ ಇತ್ತು; ಅದರ ಜಾಡಿನಲ್ಲಿ ಸಂಗೀತಕ್ಕೆ ಹೆಡ್‌ಫೋನ್ಸ್ ಬಂತು; ಹೆಡ್‌ಫೋನ್ಸ್‌ನ ಕೋಡ್ ಎತ್ತಿಕೊಂಡು 2012ರ ಸುಮಾರಿಗೆ ಮೈಲಾರ್ ಕವಲೊಡೆಯಿತು. 2020ರ ಜನವರಿ 1ರಿಂದ ಪೈಥಾನ್ 2ಕ್ಕೆ ಬೆಂಬಲ ನಿಂತಿತು. ಪೈಥಾನ್ 3ಕ್ಕೆ ಹೊಂದಿಸಿ ಬರೆದ ಮೈಲಾರ್3 ಹಳೆಯದರ ಜಾಗಕ್ಕೆ ಬಂತು.

ಕಂಟೇನರ್ ಇಷ್ಟೊಂದು ಒಗ್ಗಿದ್ದು ಇಂಥ ಪರದಾಟದಿಂದಲೇ. ಒಂದೇ ಯಂತ್ರದಲ್ಲಿ ಒಂದು ಪ್ರೋಗ್ರಾಂಗೆ ಹಳೆಯ ಪೈಥಾನ್ ಬೇಕು, ಇನ್ನೊಂದಕ್ಕೆ ಹೊಸದು. ಸಿಬಿಆರ್ ಬಿಚ್ಚಲು ಬೇಕಾದ ಅನ್‌ರಾರ್‌ಗೆ ಮುಕ್ತವಲ್ಲದ ಪರವಾನಗಿ ಇರುವುದರಿಂದ ಹಲವು ಲಿನಕ್ಸ್ ವಿತರಣೆಗಳು ಅದನ್ನು ಬೇರೆಯೇ ಇಡುತ್ತವೆ. ಒಂದು ಪ್ರೋಗ್ರಾಂಗೆ ಡಿಸ್ಕಿನ ಒಂದು ಮೂಲೆಯನ್ನಷ್ಟೇ ತೋರಿಸುವ ಉಪಾಯ 1979ರ ಯೂನಿಕ್ಸ್‌ನ ಸಿಎಚ್‌ರೂಟ್‌ನಷ್ಟು ಹಳೆಯದು. ಅದನ್ನು ಮನೆಬಳಕೆಗೆ ತಂದದ್ದು ಡಾಕರ್. 2013ರ ಮಾರ್ಚ್‌ನಲ್ಲಿ ಸಾಂತಾ ಕ್ಲಾರಾದ ಪೈಥಾನ್ ಸಮ್ಮೇಳನದಲ್ಲಿ ಅದರ ರೂವಾರಿ ಸೊಲೊಮನ್ ಹೈಕ್ಸ್ ಅದನ್ನು ಕೆಲವೇ ನಿಮಿಷಗಳಲ್ಲಿ ತೋರಿಸಿದರು. ಲಿನಕ್ಸ್‌ಸರ್ವರ್.ಐಒ ಎಂಬ ಸ್ವಯಂಸೇವಕರ ತಂಡ ಮೈಲಾರ್3ಕ್ಕೆ ಸಿದ್ಧ ಇಮೇಜ್ (ಕಂಟೇನರ್ ಹುಟ್ಟುಹಾಕುವ ಅಚ್ಚು) ಕಟ್ಟಿ ಹಂಚುತ್ತದೆ.

ಈ ಇಮೇಜ್‌ನಲ್ಲಿ 8090 ಪೋರ್ಟ್ ತೆರೆದಿರುತ್ತದೆ. ಹೊರಗಿನಿಂದ ಮೂರು ಫೋಲ್ಡರ್ ಜೋಡಿಸಬೇಕು: ಸೆಟ್ಟಿಂಗ್ ಮತ್ತು ಡೇಟಾಬೇಸ್‌ಗೆ ಒಂದು, ಕಾಮಿಕ್ಸ್‌ಗೆ ಒಂದು, ಇಳಿಸಿದ ಕಡತಗಳಿಗೆ ಒಂದು. ಇಮೇಜ್ ಅಳಿಸಿ ಹೊಸದು ಹಾಕಿದರೂ ಇವು ಹಾಗೇ ಉಳಿಯುತ್ತವೆ. ಹೊಸಬರು ಎಡವುವುದು ಎರಡು ಕಡೆ. ಪಿಯುಐಡಿ, ಪಿಜಿಐಡಿ ಎಂಬ ಎರಡು ಅಂಕಿ ನಮ್ಮ ಬಳಕೆದಾರ ಖಾತೆಗೆ ಹೊಂದದಿದ್ದರೆ, ನಮ್ಮ ಫೋಲ್ಡರಿಗೆ ಬರೆಯಲು ಮೈಲಾರ್‌ಗೇ ಅನುಮತಿ ಸಿಗದು. ಎರಡನೆಯದು ಇನ್ನೂ ನಯವಾದ ಬಲೆ: ಒಂದೇ ಡಿಸ್ಕಿನ ಎರಡು ಫೋಲ್ಡರನ್ನು ಬೇರೆಬೇರೆಯಾಗಿ ಜೋಡಿಸಿದರೆ ಕಂಟೇನರ್‌ಗೆ ಅವು ಎರಡು ಡಿಸ್ಕುಗಳೇ, ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಆಗದೆ ಇಡೀ ಕಡತ ನಕಲಾಗುತ್ತದೆ. ಎರಡನ್ನೂ ಒಳಗೊಂಡ ಮೇಲಿನ ಒಂದೇ ಫೋಲ್ಡರನ್ನು ಜೋಡಿಸುವುದು ಇದಕ್ಕೆ ಮದ್ದು.

ಇತ್ತೀಚೆಗೆ ಕಪೋವಾರ್ ಎಂಬ ಇನ್ನೊಂದು ತಂತ್ರಾಂಶ ಇದೇ ಕೆಲಸಕ್ಕೆ ಬಂದಿದೆ. ಅದೂ ಕಾಮಿಕ್ ವೈನ್ ಮಾಹಿತಿಯನ್ನೇ ನೆಚ್ಚಿದೆ. ಓದಲು ಕೋಮ್ಗಾ, ಕವಿತಾ ಮುಂತಾದ ಪ್ರತ್ಯೇಕ ಸರ್ವರ್‌ಗಳಿವೆ.

ಕಡತಕ್ಕೆ ಹಕ್ಕುಸ್ವಾಮ್ಯ ಇದೆಯೋ ಇಲ್ಲವೋ ಎಂದು ಮೈಲಾರ್ ನೋಡುವುದಿಲ್ಲ. ಆ ಹೊಣೆ ಪೂರ್ತಿ ಬಳಸುವವರದು. ಕಾನೂನುಬದ್ಧ ದಾರಿಗಳೂ ಉಂಟು. ಇಮೇಜ್ ಕಾಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ 2013ರಲ್ಲಿ ನಕಲು ತಡೆಯುವ ಬೀಗವಿಲ್ಲದ ಡಿಜಿಟಲ್ ಸಂಚಿಕೆಗಳನ್ನು ತಾನೇ ಮಾರಲು ಆರಂಭಿಸಿತ್ತು. ಹಕ್ಕು ಮುಗಿದ ಹಳೆಯ ಅಮೆರಿಕನ್ ಕಾಮಿಕ್ಸ್ ಡಿಜಿಟಲ್ ಕಾಮಿಕ್ ಮ್ಯೂಸಿಯಂನಲ್ಲಿ ಉಚಿತವಾಗಿ ಸಿಗುತ್ತವೆ, ಅದೂ ಸಿಬಿಆರ್, ಸಿಬಿಝಡ್ ರೂಪದಲ್ಲೇ.